ದಿಂಬಂ ಘಟ್ಟಕ್ಕೆ ಸಣ್ಣ ಕಾರು ಸಾಲದೆ?

ತಾಳವಾಡಿ ಸೀಮೆಯವರಿಗೆ ಚಾಮರಾಜನಗರ ಹತ್ತಿರ. ಆದರೆ ಜಿಲ್ಲಾ ಕಚೇರಿ ಕೆಲಸ ಅಂದರೆ ಈರೋಡಿಗೇ ಹೋಗಬೇಕು, ಅದಕ್ಕೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿಯಲೇಬೇಕು. ಹೀಗಾಗಿ ಕಾರು ಕೊಳ್ಳುವ ಮನೆಗಳಲ್ಲಿ, 'ಸಣ್ಣದು ಘಟ್ಟ ಏರಲ್ಲ, ದೊಡ್ಡ ಗಾಡೀನೇ ಬೇಕು' ಅನ್ನುವ ಮಾತು ಬರುತ್ತದೆ. ಅದಕ್ಕಾಗಿ ಸಾಲದ ಕಂತು ತಲೆ ಮೇಲೆ ಹೊತ್ತುಕೊಂಡವರೂ ಇದ್ದಾರೆ. ಈ ಮಾತು ಅರ್ಧ ಮಾತ್ರ ನಿಜ.

ಮಾರುತಿ 800 ಅನ್ನೇ ನೋಡಿ. ತಯಾರಿಕೆ 2014ರಲ್ಲಿ ನಿಂತರೂ ಓಡಿಸಿದವರಿಗೆ ಅದರ ಗುಣ ಗೊತ್ತು. 796 ಸಿಸಿ, ಮೂರು ಸಿಲಿಂಡರ್ ಎಂಜಿನ್. ಬಲ ಕಮ್ಮಿ, ಸುಳ್ಳಲ್ಲ. ನಾಲ್ಕು ಜನ ಕೂತು ಸಾಮಾನು ತುಂಬಿದರೆ ಬಣ್ಣಾರಿಯಿಂದ ಏರುವಾಗ ಎಸಿ ಆಫ್ ಮಾಡಬೇಕು, ಕಡಿದಾದ ತಿರುವಿಗೆ ಫಸ್ಟ್ ಗೇರಿಗೇ ಬರಬೇಕು. ಎರಡನೇ ಗೇರಿನಲ್ಲೇ ಎಳೆಸಿದರೆ ಗಾಡಿ ನಡುಗಿ ನಡುದಾರಿಯಲ್ಲೇ ನಿಂತುಬಿಡುತ್ತೆ, ಹಿಂದಿನ ಲಾರಿಯವನ ಹಾರನ್ ಶುರು. ಆದರೆ ಅದರ ಅಗಲ ಒಂದೂವರೆ ಮೀಟರಿಗಿಂತ ಕಮ್ಮಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಂದೇ ಸಲಕ್ಕೆ ತಿರುವು ಮುಗಿಯುತ್ತೆ. ಲಾರಿ ದಾರಿ ತುಂಬಾ ಹರಡಿಕೊಂಡು ಬಂದಾಗ ಅಂಚಿಗೆ ಸರಿದು ನಿಲ್ಲಲು ಇಷ್ಟು ಜಾಗ ಸಾಕು. ದೊಡ್ಡ ಗಾಡಿಗೆ ಎಷ್ಟೇ ಬಲವಿದ್ದರೂ ಅಲ್ಲಿ ಈ ಸಲೀಸು ಇಲ್ಲ.

ಏರುವಾಗ ಆಗುವುದು ಬರೀ ತೊಂದರೆ, ಅಪಾಯ ಇರುವುದು ಇಳಿಯುವಾಗ. 'ಪೆಟ್ರೋಲ್ ಉಳಿಯುತ್ತೆ ಕಣಣ್ಣ' ಅಂತ ನ್ಯೂಟ್ರಲ್‌ಗೆ ಹಾಕಿ ಬಿಡುವ ಚಾಳಿ ಇನ್ನೂ ಹೋಗಿಲ್ಲ. ಕೆಲವರು ಎಂಜಿನ್ನೇ ಆಫ್ ಮಾಡುತ್ತಾರೆ! ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿನ ಬಲ ಕೆಲವೇ ಸಲದ ತುಳಿತಕ್ಕೆ ಮುಗಿದು ಪೆಡಲ್ ಕಲ್ಲಿನಂತಾಗುತ್ತೆ. ಎಂಜಿನ್ ಓಡುತ್ತಿದ್ದರೂ ನ್ಯೂಟ್ರಲ್‌ನಲ್ಲಿ ಇಡೀ ಭಾರ ಬ್ರೇಕಿನ ಮೇಲೆಯೇ. ಅದು ಕಾದು ಹಿಡಿತ ತಪ್ಪುತ್ತದೆ. ಪೆಟ್ರೋಲ್ ಲೆಕ್ಕವೂ ಉಲ್ಟಾ. ಇಂಜೆಕ್ಷನ್ ಎಂಜಿನ್ನಿನ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರಿಂದ ಕಾಲು ತೆಗೆದಾಗ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಉರಿಯುತ್ತಲೇ ಇರುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕು ಅಂತ ಹಳೇ ಲಾರಿ ಡ್ರೈವರುಗಳು ಹೇಳುವುದು ಸುಮ್ಮನೆ ಅಲ್ಲ. ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವ ನಿಯಮ ಬೇರೆ ಇದೆ. ಅದನ್ನು ಎಷ್ಟು ಜನ ಪಾಲಿಸುತ್ತಾರೋ!

ಕಾರಿನ ಗಾತ್ರಕ್ಕಿಂತ ಅದಕ್ಕೆ ಹೇರುವ ಭಾರವೇ ಇಲ್ಲಿ ಮುಖ್ಯ. ಬಣ್ಣಾರಿ ಅಮ್ಮನ ಹಬ್ಬ ಬಂದರೆ ನಾಲ್ಕು ಜನಕ್ಕೆ ಹದವಾದ ಕಾರಿನಲ್ಲಿ ಏಳು ಜನ, ಮಡಿಲಲ್ಲಿ ಮಕ್ಕಳು ಬೇರೆ. ಆಮೇಲೆ 'ಸಣ್ಣ ಕಾರು ಎಳೆಯಲ್ಲ' ಅಂತ ದೂರು. ಮೂವರು ಸತ್ಯಮಂಗಲದ ಬಸ್ಸು ಹತ್ತಿದರೆ ಅದೇ ಕಾರು ಎಳೆಯುತ್ತೆ, ನಿಲ್ಲಿಸಿದ ಕಡೆ ನಿಲ್ಲಲೂ ನಿಲ್ಲುತ್ತೆ.