ಅನುಮಾನವೆಂಬ ಪ್ರಮಾಣ

ನೆರೆಯವನ ಹೊಸ ಮನೆ ಕಂಡಾಗ ಹುಟ್ಟುವುದು ಹೊಟ್ಟೆಕಿಚ್ಚು. ಸವತಿಯ ಮುಡಿಯ ಹೂ ಕಂಡಾಗ ಹುಟ್ಟುವುದು ಮತ್ಸರ. ಹೆಂಡತಿ ಯಾರ ಮಾತಿಗೆ ನಕ್ಕಳು, ಯಾಕೆ ತಡವಾಗಿ ಬಂದಳು ಎಂದು ಲೆಕ್ಕ ಹಾಕುತ್ತ ಕೂರುವ ಗಂಡನ ವಿಷಯ ಬಂದಾಗ ಮಾತ್ರ ನಮ್ಮ ಜನ ಈ ಎರಡು ಮಾತನ್ನೂ ಬದಿಗಿಟ್ಟು ‘ಅವನಿಗೆ ಅನುಮಾನ’ ಎಂದುಬಿಡುತ್ತಾರೆ. ಈ ಪದ ತರ್ಕಶಾಸ್ತ್ರದ್ದೂ ಹೌದು. ನೈಯಾಯಿಕರು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ಪ್ರತ್ಯಕ್ಷದ ನಂತರದ ಸ್ಥಾನ ಅನುಮಾನಕ್ಕೆ: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು. ಶಾಸ್ತ್ರದ ಪದ ಮನೆಯ ಜಗಲಿಗೆ ಇಳಿದು ಬಂದು ಕಾಯಿಲೆಯ ಹೆಸರಾದದ್ದು ಆಕಸ್ಮಿಕವಿರಬಹುದು, ಆದರೆ ಅರ್ಥಹೀನವಲ್ಲ. ಬೆಟ್ಟದ ಬೆಂಕಿಯನ್ನು ಬೇಕಾದರೆ ಹತ್ತಿ ಹೋಗಿ ನೋಡಬಹುದು; ಇನ್ನೊಬ್ಬರ ಮನಸ್ಸನ್ನು ಹಾಗೆ ಹತ್ತಿ ನೋಡಲು ಬರುವುದಿಲ್ಲ. ಅದರ ಬಗ್ಗೆ ನಮಗೆ ಸಿಕ್ಕುವ ಮುಖ್ಯ ಆಧಾರ ಆ ವ್ಯಕ್ತಿ ಆಡುವ ಮಾತು, ಶಬ್ದಪ್ರಮಾಣ. ಕಥೆ, ಕಾದಂಬರಿ, ನಾಟಕಗಳಲ್ಲಿ ಅಸೂಯೆ ಮಾಡುವ ಅನಾಹುತವನ್ನು ಪ್ರೇಮದ ಅತಿರೇಕವೆಂದು ವಿವರಿಸುವುದು ರೂಢಿ. ಅತಿಯಾಗಿ ಪ್ರೀತಿಸಿದ್ದಕ್ಕೆ ಕೊಂದ ಎನ್ನುವ ಸಮಜಾಯಿಷಿ ಕೇಳಲು ಚೆನ್ನಾಗಿದೆ, ಕೊಂದವನಿಗಂತೂ ಬಹಳ ಅನುಕೂಲ. ನನ್ನ ವಾದ ಬೇರೆ. ಆ ಪಾತ್ರಗಳನ್ನು ಹಾಳುಮಾಡುವುದು ಪ್ರೇಮದ ಪ್ರಮಾಣ ಹೆಚ್ಚಾದದ್ದಲ್ಲ, ಪ್ರಮಾಣ ಬದಲಾದದ್ದು. ಎದುರಿಗಿರುವವರ ಮಾತು ಕೇಳುವುದನ್ನು ಬಿಟ್ಟು ಅವರನ್ನು ಓದಲು ತೊಡಗಿದ ಗಳಿಗೆಯಲ್ಲೇ ಕೇಡು ಆರಂಭವಾಗುತ್ತದೆ.

1693ರಲ್ಲಿ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ ‘ಒಥೆಲೊ’ ನಾಟಕವನ್ನು ಹಿಡಿದು ಜಾಡಿಸಿದ. ಒಂದು ಕರವಸ್ತ್ರಕ್ಕೆ ಇಷ್ಟೆಲ್ಲ ರಾದ್ಧಾಂತವೇ ಎಂಬುದು ಅವನ ಗೇಲಿ. ಹೆಂಡಂದಿರು ತಮ್ಮ ಬಟ್ಟೆಬರೆಯ ಮೇಲೆ ನಿಗಾ ಇಡಬೇಕು ಎನ್ನುವುದೇ ಇದರ ನೀತಿಯಿರಬೇಕು ಎಂದು ಅವನು ಕುಚೋದ್ಯ ಮಾಡಿದ. ರೈಮರ್ ಷೇಕ್ಸ್‌ಪಿಯರನನ್ನು ತಪ್ಪಾಗಿ ಅಳೆದ ಎಂದು ಮುಂದಿನ ಶತಮಾನಗಳು ತೀರ್ಮಾನಿಸಿದವು. ಆದರೆ ಅವನ ಕಣ್ಣು ಬಿದ್ದ ಜಾಗ ಸರಿಯಾಗಿತ್ತು. ಕರವಸ್ತ್ರ ಅಷ್ಟು ಚಿಕ್ಕದಾಗಿರುವುದರಲ್ಲೇ ನಾಟಕದ ಜೀವವಿದೆ. ಒಥೆಲೊ, ಹೆಂಡತಿಯ ಮೇಲೆ ಚಾಡಿ ಹೇಳುವ ಇಯಾಗೊನ ಕುತ್ತಿಗೆಪಟ್ಟಿ ಹಿಡಿದು ಕೇಳುವುದು ಕಣ್ಣಿಗೆ ಕಾಣುವ ಸಾಕ್ಷಿಯನ್ನು, ಅಂದರೆ ಪ್ರತ್ಯಕ್ಷವನ್ನು. ಸಿಕ್ಕುವುದು ಇನ್ನೊಬ್ಬನ ಕೈಯಲ್ಲಿ ಹೊರಳಾಡುವ ಒಂದು ತುಂಡು ಬಟ್ಟೆ. ಅದು ಹೊಗೆಯೂ ಅಲ್ಲ, ಹೊಗೆಯ ಬಗ್ಗೆ ಇನ್ನೊಬ್ಬ ಹೇಳಿದ ಮಾತು. ಆದರೂ ಅವನು ಅದನ್ನೇ ಬೆಂಕಿಯೆಂದು ಒಪ್ಪಿಕೊಳ್ಳುತ್ತಾನೆ. ಇನ್ನೂ ಸೋಜಿಗದ ಸಂಗತಿ ನಾಟಕದ ಕಾಲಗಣನೆ. ವೆನಿಸ್‌ನಿಂದ ಸೈಪ್ರಸ್‌ಗೆ ಜಾರನೆಂಬ ಆರೋಪ ಹೊತ್ತ ಕ್ಯಾಸಿಯೊ ಬಂದದ್ದು ಒಂದು ಹಡಗಿನಲ್ಲಿ, ಹೆಂಡತಿ ಡೆಸ್ಡಿಮೋನಾ ಬಂದದ್ದು ಇಯಾಗೊನ ಕಾವಲಿನಲ್ಲಿ ಇನ್ನೊಂದರಲ್ಲಿ, ಒಥೆಲೊ ಬಂದದ್ದು ಎಲ್ಲರಿಗಿಂತ ಕೊನೆಗೆ. ಅವರೆಲ್ಲ ದ್ವೀಪಕ್ಕೆ ಇಳಿದ ಮರುದಿನ ರಾತ್ರಿಯೇ ಕೊಲೆ. ಆರೋಪಿಸಲಾದ ಅಪರಾಧ ನಡೆಯಲು ವೇಳೆಯೇ ಇಲ್ಲ. ವಿಮರ್ಶಕರು ಇದನ್ನು ‘ಎರಡು ಕಾಲ’ದ ಸಮಸ್ಯೆ ಎಂದು ಕರೆದು, ನಾಟಕಕಾರ ಎಡವಿದನೇ ಎಂದು ತಲೆ ಕೆಡಿಸಿಕೊಂಡಿದ್ದಾರೆ. ಎಡವಿದ್ದಾನೋ ಇಲ್ಲವೋ, ಒಂದಂತೂ ನಿಜ: ‘ಯಾವಾಗ?’ ಎಂದು ಒಂದೇ ಒಂದು ಸಲ ಹೆಂಡತಿಯನ್ನು ಕೇಳಿದ್ದರೆ ಇಡೀ ಕಟ್ಟಡ ಕುಸಿಯುತ್ತಿತ್ತು. ಒಥೆಲೊ ಅವಳೊಡನೆ ಮಾತಾಡುವುದೇ ಇಲ್ಲವೆಂದಲ್ಲ. ಬೈಯುತ್ತಾನೆ, ಹೊಡೆಯುತ್ತಾನೆ, ಕರವಸ್ತ್ರ ಎಲ್ಲಿ ಎಂದು ಮೂರು ಮೂರು ಬಾರಿ ಗದರುತ್ತಾನೆ. ಉತ್ತರ ಬೇಕಾಗಿರುವ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

ಇಲ್ಲೊಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಒಥೆಲೊ ಮಾತನ್ನು ನಂಬಿ ಕೆಟ್ಟವನಲ್ಲವೇ? ಇಯಾಗೊ ಆಡಿದ್ದೂ ಮಾತೇ. ಒಥೆಲೊ ಸಂಶಯಸ್ವಭಾವದವನೇ ಅಲ್ಲ, ಸುಲಭವಾಗಿ ನಂಬುವವನು ಎಂದು ರಷ್ಯಾದ ಕವಿ ಪುಷ್ಕಿನ್ ಒಂದು ಟಿಪ್ಪಣಿ ಬರೆದಿದ್ದ. ದಾಸ್ತೊಯೆವ್ಸ್ಕಿ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಅದನ್ನು ನೆನೆದು ವಿಸ್ತರಿಸಿದ. ಮಾತು ಸರಿ. ಆದರೆ ಶಬ್ದವು ಪ್ರಮಾಣವಾಗುವುದು ಅದು ಆಪ್ತನ ಮಾತಾದಾಗ, ವಿಷಯವನ್ನು ಬಲ್ಲವನು, ಇದ್ದದ್ದನ್ನು ಇದ್ದಂತೆ ಹೇಳುವವನು ಆಡಿದಾಗ ಎಂದು ನಮ್ಮ ತಾರ್ಕಿಕರು ಷರತ್ತು ಹಾಕಿದ್ದರು. ಡೆಸ್ಡಿಮೋನಾಳ ಹೃದಯದ ವಿಷಯದಲ್ಲಿ ಡೆಸ್ಡಿಮೋನಾಳಿಗಿಂತ ಹೆಚ್ಚು ಬಲ್ಲವರು ಯಾರು? ಒಥೆಲೊ ನಂಬಿಕೆಯನ್ನು ಕಳೆದುಕೊಳ್ಳಲಿಲ್ಲ, ಅದನ್ನು ಎತ್ತಿ ಇನ್ನೊಬ್ಬನ ಮಡಿಲಿಗೆ ಹಾಕಿದ. ಆಪ್ತಸ್ಥಾನದಿಂದ ಹೆಂಡತಿ ಇಳಿದಳು, ಸೈನ್ಯದ ಸಂಗಾತಿ ಏರಿದ. ಆಮೇಲೆ ಅವಳು ಏನು ಹೇಳಿದರೂ ಅದು ಸಾಕ್ಷಿಯಲ್ಲ, ಪರಿಶೀಲಿಸಬೇಕಾದ ಕುರುಹು. ಕಣ್ಣೀರು ಕೂಡ ಕುರುಹೇ.

ಟಾಲ್‌ಸ್ಟಾಯ್ 1889ರಲ್ಲಿ ಬರೆದು ಮುಗಿಸಿದ ‘ಕ್ರೂಟ್ಜರ್ ಸೊನಾಟಾ’ದಲ್ಲಿ ಈ ಸ್ಥಿತಿ ಕಥನದ ರಚನೆಯೇ ಆಗಿಬಿಟ್ಟಿದೆ. ಪೊಜ್ದ್ನಿಶೆವ್ ರೈಲಿನಲ್ಲಿ ಕುಳಿತು ಅಪರಿಚಿತನಿಗೆ ತಾನು ಹೆಂಡತಿಯನ್ನು ಕೊಂದ ಕತೆ ಹೇಳುತ್ತಾನೆ. ಅವಳು ಪಿಯಾನೊ ನುಡಿಸಿದ್ದು, ಪಿಟೀಲು ವಾದಕನ ಕಡೆ ನೋಡಿದ್ದು, ಎಲ್ಲವೂ ನಮಗೆ ತಲುಪುವುದು ಕೊಂದವನ ಬಾಯಿಂದಲೇ. ಅವಳು ನಿಜವಾಗಿ ತಪ್ಪು ಮಾಡಿದ್ದಳೇ ಎಂಬುದನ್ನು ಓದುಗ ಕೊನೆಗೂ ಅರಿಯಲಾರ. ಕೊನೆಗೆ, ತನ್ನ ಏಟಿನಿಂದ ಊದಿ ಕಪ್ಪಿಟ್ಟ ಮುಖವನ್ನು ಕಂಡಾಗ, ತನ್ನೆದುರು ಮಲಗಿರುವುದು ಒಬ್ಬ ಮನುಷ್ಯಳು ಎಂಬುದು ಮೊದಲ ಬಾರಿಗೆ ಅವನಿಗೆ ಹೊಳೆಯುತ್ತದೆ. ಮದುವೆಯಾಗಿ ಅಷ್ಟು ವರ್ಷ, ಅಷ್ಟು ಮಕ್ಕಳು. ಆ ಅರಿವು ಹುಟ್ಟಲು ಕೊಲೆ ಬೇಕಾಯಿತು. ಪ್ರೂಸ್ತ್ ಇದನ್ನೇ ನಗೆಯ ಕಡೆಗೆ ತಿರುಗಿಸಿದ. 1913ರಲ್ಲಿ ಪ್ರಕಟವಾದ ಅವನ ಕಾದಂಬರಿಯ ಸಂಪುಟದಲ್ಲಿ ಸ್ವಾನ್ ಎಂಬ ರಸಿಕ ನಡುರಾತ್ರಿ ತನ್ನ ಪ್ರೇಯಸಿ ಒಡೆಟ್‌ಳ ಬೀದಿಗೆ ಮರಳಿ ಬಂದು, ಬೆಳಕಿರುವ ಕಿಟಕಿ ನೋಡಿ, ಒಳಗೆ ಗಂಡಸಿನ ದನಿ ಕೇಳಿ, ಸಿಕ್ಕಿಬಿದ್ದಳೆಂದು ಕಿಟಕಿಯ ಬಾಗಿಲು ತಟ್ಟುತ್ತಾನೆ. ಕಿಟಕಿ ತೆರೆದರೆ ಇಬ್ಬರು ಮುದುಕರು. ಅದು ಪಕ್ಕದ ಮನೆ! ಸತ್ಯ ಹುಡುಕುವುದರಲ್ಲಿ ಸ್ವಾನ್‌ಗೆ ವಿದ್ವಾಂಸನೊಬ್ಬ ಹಳೆಯ ಹಸ್ತಪ್ರತಿ ಬಿಡಿಸುವಾಗಿನ ಖುಷಿಯಿದೆ. ಪ್ರೇಮ ಇಳಿದುಹೋದ ಮೇಲೆ ಆ ಸತ್ಯ ಅವನಿಗೆ ಬೇಕಾಗಿಯೇ ಇರುವುದಿಲ್ಲ.

ಇದುವರೆಗಿನ ಉದಾಹರಣೆಗಳಲ್ಲಿ ಅನುಮಾನ ಸುಳ್ಳು, ಇಲ್ಲವೆ ರುಜುವಾತಾಗದ್ದು. ಅದು ನಿಜವಾಗಿದ್ದರೆ? ಆಗ ನನ್ನ ವಾದಕ್ಕೆ ಏನು ಗತಿ? ಈ ಪ್ರಶ್ನೆಗೆ ಕನ್ನಡದಲ್ಲೇ ಉತ್ತರವಿದೆ. ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಅರಸನಿಗೆ ಅನುಮಾನದ ಹಂಗಿಲ್ಲ, ಅವನು ಕತ್ತಿ ಹಿಡಿದು ಹೆಂಡತಿಯ ಬೆನ್ನ ಹಿಂದೆ ನಡೆದು, ಅಮೃತಮತಿ ಅಷ್ಟಾವಂಕನೆಂಬ ಕುರೂಪಿ ಮಾವಟಿಗನ ಕಾಲಿಗೆ ಬೀಳುವುದನ್ನು ಕಣ್ಣಾರೆ ಕಾಣುತ್ತಾನೆ. ಶುದ್ಧ ಪ್ರತ್ಯಕ್ಷ. ಎತ್ತಿದ ಕತ್ತಿಯನ್ನು ತಡೆದುಕೊಂಡು ಹಿಂದಿರುಗುವಷ್ಟು ಸಂಯಮವೂ ಅವನಿಗಿದೆ. ಕೊಲೆಯಾಗದಿದ್ದರೂ ಸರ್ವನಾಶವಾಗುತ್ತದೆ. ಹೇಗೆ? ಮರುದಿನ ಅವನು ಹೆಂಡತಿಯನ್ನು ವಿನೋದಕ್ಕೆಂಬಂತೆ ನೈದಿಲೆ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ. ಅವನು ಎರಡರ್ಥದ ಮಾತಾಡಿ ಎದ್ದು ಹೋಗುತ್ತಾನೆ. ತಾಯಿ ಚಂದ್ರಮತಿ ಮುಖ ಬಾಡಿದ್ದೇಕೆ ಎಂದು ಕೇಳಿದರೆ ಕೆಟ್ಟ ಕನಸು ಕಂಡೆ ಎನ್ನುತ್ತಾನೆ. ಕನಸಿನ ದೋಷ ಕಳೆಯಲು ತಾಯಿ ಬಲಿ ಬೇಡುತ್ತಾಳೆ, ಅವನು ಜೀವಹಿಂಸೆಗೆ ಒಲ್ಲೆನೆಂದಾಗ ರಾಜಿಯಾಗಿ ಹಿಟ್ಟಿನ ಕೋಳಿ ಬರುತ್ತದೆ. ಆ ಕೋಳಿ ಕೂಗುತ್ತದೆ. ಇತ್ತ ಅಮೃತಮತಿ ಹೂವಿನ ಏಟನ್ನೂ ಆ ಮಾತನ್ನೂ ಕೂಡಿಸಿ ನೋಡಿ, ಇವನಿಗೆ ತಿಳಿದಿದೆ ಎಂದು ಊಹಿಸುತ್ತಾಳೆ. ಅವಳ ಊಹೆ ಸರಿಯಾಗಿಯೇ ಇದೆ. ವಿಷದ ಊಟ ಬಡಿಸುತ್ತಾಳೆ. ತಾಯಿ ಮಗ ಇಬ್ಬರೂ ಸತ್ತು ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ. ಜನ್ನನಿಗೆ ಇದು ಸಂಕಲ್ಪಹಿಂಸೆಯ ಪಾಪದ ಕತೆ. ಆ ಧರ್ಮದೃಷ್ಟಿಯನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಘಟನೆಗಳ ಕೊಂಡಿಯನ್ನಷ್ಟೇ ಹಿಡಿದು ನಡೆದರೆ ಪ್ರತಿಯೊಂದು ಮೆಟ್ಟಿಲಲ್ಲೂ ಸಿಕ್ಕುವುದು ಒಂದು ಆಡದ ಮಾತು. ಗಂಡ ಹೂವಿನಲ್ಲಿ ಹೇಳುತ್ತಾನೆ, ಹೆಂಡತಿ ಮೂರ್ಛೆಯಲ್ಲಿ ಮರುನುಡಿಯುತ್ತಾಳೆ, ಮಗ ಕನಸಿನ ನೆಪದಲ್ಲಿ ತಾಯಿಗೆ ಒಪ್ಪಿಸುತ್ತಾನೆ. ಒಬ್ಬರನ್ನೊಬ್ಬರು ತಪ್ಪಿಲ್ಲದೆ ಓದುವ ಇಬ್ಬರು ಒಂದೇ ಮನೆಯಲ್ಲಿದ್ದರೂ ಉಳಿಯಲಿಲ್ಲ ಎಂದ ಮೇಲೆ, ಕೇಡು ಓದಿನ ತಪ್ಪಿನಲ್ಲಿದೆ ಎನ್ನಲಾಗದು.

ಹಾಗಾದರೆ ಪ್ರೇಮ ನಿರಪರಾಧಿಯೇ? ಖಂಡಿತ ಅಲ್ಲ. ಅಮೃತಮತಿಯದು ದ್ವೇಷವಲ್ಲ, ಪ್ರೇಮವೇ. ನಸುಕಿನ ಜಾವದಲ್ಲಿ ತೇಲಿಬಂದ ಒಂದು ಹಾಡಿಗೆ, ಹಾಡಿದವನ ಮುಖ ನೋಡುವ ಮೊದಲೇ, ಒಲಿದವಳು ಅವಳು. ದೂತಿ ಅವನ ವಿಕಾರರೂಪವನ್ನು ಬಣ್ಣಿಸಿ ಹೇಸಿದರೂ ಅವಳು ಕದಲುವುದಿಲ್ಲ. ಅವನು ಹೊಡೆದರೂ ತಡವಾಗಿ ಬಂದದ್ದು ತನ್ನದೇ ತಪ್ಪೆನ್ನುತ್ತಾಳೆ. ಪ್ರೇಮ ಅರಮನೆಯನ್ನು ಕೆಡಿಸಿತು, ಅವಳನ್ನೂ ಕೆಡಿಸಿತು. ಆದರೆ ಎರಡೂ ಕೇಡುಗಳ ದಿಕ್ಕು ಬೇರೆ ಎಂದು ನನಗನ್ನಿಸುತ್ತದೆ. ಪ್ರೇಮ ಸುತ್ತಲಿನದನ್ನೆಲ್ಲ ಸುಡಬಹುದು, ಒಲಿದವರನ್ನು ಮಾತ್ರ ಇದ್ದಂತೆ ಬಿಡುತ್ತದೆ; ಅಷ್ಟಾವಂಕ ಅವಳ ಕಣ್ಣಿಗೂ ಸುಂದರನಾಗಿ ಮಾರ್ಪಡಬೇಕಾಗಿಲ್ಲ. ಅಸೂಯೆ ಮೊದಲು ಅಳಿಸುವುದೇ ಎದುರಿಗಿರುವ ಆ ವ್ಯಕ್ತಿಯನ್ನು. ಈ ಗಡಿರೇಖೆಯ ಮೇಲೆ ನಿಂತವನು ಜನ್ನನದೇ ಇನ್ನೊಂದು ಪಾತ್ರ, 1230ರ ‘ಅನಂತನಾಥ ಪುರಾಣ’ದ ಚಂಡಶಾಸನ. ಗೆಳೆಯ ವಸುಷೇಣನ ಅತಿಥಿಯಾಗಿ ಬಂದು ಅವನ ರಾಣಿ ಸುನಂದೆಗೆ ಮರುಳಾಗಿ ಕದ್ದೊಯ್ಯುತ್ತಾನೆ. ಅವಳು ಒಪ್ಪದಿದ್ದಾಗ ಗಂಡನ ಮಾಯಾಶಿರಸ್ಸನ್ನು ತಂದು ತೋರಿಸುತ್ತಾನೆ. ಅವಳು ‘ಒಲ್ಲೆ’ ಎಂದ ಮಾತು ಅವನಿಗೆ ಸಾಕಾಗಲಿಲ್ಲ. ಆ ಮಾತನ್ನು ಸೋಲಿಸಲು ಸುಳ್ಳು ಪ್ರತ್ಯಕ್ಷವನ್ನೇ ತಯಾರಿಸಿದ. ಅವನು ಪ್ರೇಮಿಯೂ ಹೌದು, ತನಗೆ ತಾನೇ ಇಯಾಗೊನೂ ಹೌದು. ಸುನಂದೆ ಆ ರುಂಡ ನೋಡಿ ಪ್ರಾಣ ಬಿಡುತ್ತಾಳೆ. ಚಂಡಶಾಸನ ಅವಳ ಚಿತೆಯನ್ನೇ ಏರುತ್ತಾನೆ. ಆ ಕೊನೆಯ ನಡೆಗಾಗಿ ಓದುಗರು ಅವನನ್ನು ಕನಿಕರದಿಂದ ನೋಡುತ್ತ ಬಂದಿದ್ದಾರೆ. ಆ ಕನಿಕರ ಸುನಂದೆಗೂ ಇಷ್ಟೇ ಸಿಕ್ಕಿದೆಯೇ ಎಂಬುದು ನನ್ನ ಸಂಶಯ.

ಇದೆಲ್ಲ ಪ್ರಮಾಣಶಾಸ್ತ್ರದ ಜಿಜ್ಞಾಸೆಯಲ್ಲ, ನೇರವಾಗಿ ಅಧಿಕಾರದ ವಿಷಯ ಎಂದು ಇಂದಿನ ಓದುಗರು, ಅದರಲ್ಲೂ ಓದುಗಿಯರು, ತಕರಾರು ತೆಗೆಯಬಹುದು. ಕತ್ತಿ ಯಾರ ಕೈಯಲ್ಲಿದೆ ನೋಡಿ ಎನ್ನಬಹುದು. ತಕರಾರಿನಲ್ಲಿ ಬಲವಿದೆ. ಗಂಡಸಿನ ಅನುಮಾನ ರಕ್ತಕ್ಕೆ ಮುಗಿದರೆ ಹೆಣ್ಣಿನ ಅಸೂಯೆಯನ್ನು ನಮ್ಮ ಕಾವ್ಯಮೀಮಾಂಸೆ ಶೃಂಗಾರದ ಒಡವೆ ಮಾಡಿ ಇಟ್ಟಿತು: ಅದು ‘ಈರ್ಷ್ಯಾಮಾನ’, ವಿಪ್ರಲಂಭದ ಒಂದು ಬಗೆ. ಖಂಡಿತಾ ನಾಯಿಕೆಯೂ ಕುರುಹು ಓದುವವಳೇ. ಬೆಳಗಿನ ಜಾವ ಮನೆಗೆ ಬಂದ ನಲ್ಲನ ಮೈಮೇಲಿನ ಉಗುರುಗುರುತು, ತುಟಿಗಂಟಿದ ಕಾಡಿಗೆ ಅವಳ ಸಾಕ್ಷ್ಯ. ಆದರೆ ಅವಳು ಅದನ್ನು ಅವನ ಮುಖಕ್ಕೇ ಹೇಳುತ್ತಾಳೆ. ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’ ನೋಡಿ: ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾದದ್ದಕ್ಕೆ ಭಾಮೆ ಮುನಿಯುತ್ತಾಳೆ. ಕರವಸ್ತ್ರದಷ್ಟೇ ಕ್ಷುಲ್ಲಕ ವಸ್ತು. ಅಲ್ಲಿ ಮಾತಿಗೆ ಮಾತು ಬೆಳೆಯುತ್ತದೆ, ಸಖಿಯ ಸಂಧಾನ ನಡೆಯುತ್ತದೆ, ಕೃಷ್ಣ ಕೊರವಂಜಿಯಾಗಿ ಬರುತ್ತಾನೆ. ಬೆಳಗಾಗುವವರೆಗೆ ಊರು ನಗುತ್ತದೆ. ಹೆಣ್ಣಿಗೆ ಅಧಿಕಾರವಿರಲಿಲ್ಲ, ಅದಕ್ಕೇ ಜಗಳ ಮಾತಿನಲ್ಲೇ ಉಳಿಯಿತು ಎಂದರೆ ಒಪ್ಪುತ್ತೇನೆ, ಅರ್ಧ. ಕ್ರಿಸ್ತಪೂರ್ವ 431ರಲ್ಲಿ ಯುರಿಪಿಡೀಸ್ ರಂಗಕ್ಕೆ ತಂದ ಮೀಡಿಯಾ ಹೆಣ್ಣೇ. ಹೆತ್ತ ಮಕ್ಕಳನ್ನು ಕೊಲ್ಲಲು ಅವಳು ಹಿಂಜರಿದರೂ ಕೈ ಹಿಂತೆಗೆಯಲಿಲ್ಲ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ, ಪದ್ಮಿನಿಯೂ ಅವಳಿಗೆ ಒಲಿದ ಇಬ್ಬರು ಗಂಡಸರೂ ಒಟ್ಟಿಗೆ ಬಾಳಬಹುದೇ ಎಂಬ ಪ್ರಶ್ನೆಯನ್ನು ಗಂಡಸರೇ ಎತ್ತಿ ಗಂಡಸರೇ ಕೈಬಿಡುತ್ತಾರೆ, ಆಮೇಲೆ ಪರಸ್ಪರ ಇರಿದುಕೊಂಡು ಸಾಯುತ್ತಾರೆ, ಪದ್ಮಿನಿಗೆ ಚಿತೆ ಉಳಿಯುತ್ತದೆ. ಅಧಿಕಾರ ಏನು ಮಾಡುತ್ತದೆಂದರೆ, ಯಾರ ಮಾತು ಮಾತೆನಿಸಿಕೊಳ್ಳಬೇಕು ಎಂಬುದನ್ನು ಮೊದಲೇ ನಿರ್ಧರಿಸಿಬಿಡುತ್ತದೆ. ಇದನ್ನು ತ್ರಿವೇಣಿಯವರ ‘ಶರಪಂಜರ’ದಷ್ಟು ತಣ್ಣಗೆ ತೋರಿಸಿದ ಕೃತಿ ಕನ್ನಡದಲ್ಲಿ ಕಡಿಮೆ. ಬಾಣಂತಿತನದಲ್ಲಿ ಕಾವೇರಿಯ ಬುದ್ಧಿ ಕದಡುತ್ತದೆ. ಆ ಸ್ಥಿತಿಯಲ್ಲಿ ಹೊರಬಿದ್ದ ಹಳೆಯ ಸಂಗತಿ ಗಂಡನ ಪಾಲಿಗೆ ಪರಮ ಸಾಕ್ಷ್ಯ. ಗುಣವಾಗಿ ಮನೆಗೆ ಬಂದ ಮೇಲೆ ಅವಳು ಸ್ವಸ್ಥಳಾಗಿ ಆಡುವ ಮಾತು ಮಾತ್ರ ಹುಚ್ಚಿಯ ಮಾತು. ಹುಚ್ಚಿನಲ್ಲಿ ಆಡಿದ್ದು ನಿಜ, ಎಚ್ಚರದಲ್ಲಿ ಆಡಿದ್ದು ಹುಚ್ಚು! ಇಲ್ಲಿ ಕತ್ತಿಯಿಲ್ಲ, ವಿಷವಿಲ್ಲ, ಏರುದನಿಯೂ ಹೆಚ್ಚಿಲ್ಲ. ಸತೀಶ ಮರ್ಯಾದಸ್ಥ ಗಂಡ. ತಾನು ಇನ್ನೊಬ್ಬಳ ಸಂಗ ಮಾಡುವಾಗಲೂ ಮರ್ಯಾದಸ್ಥನೇ. ಕಾವೇರಿ ಮತ್ತೆ ಹುಚ್ಚಿಗೇ ಮರಳುತ್ತಾಳೆ.

ಉಳಿದಿರುವ ಆಕ್ಷೇಪ ಒಂದೇ, ಅದೇ ಎಲ್ಲಕ್ಕಿಂತ ಗಟ್ಟಿ. ಮಾತು ಸುಳ್ಳಾಡಬಲ್ಲದು. ಅಮೃತಮತಿಯನ್ನು ಯಶೋಧರ ನೇರವಾಗಿ ಕೇಳಿದ್ದರೆ ಅವಳು ಸತ್ಯ ಹೇಳುತ್ತಿದ್ದಳೇ? ಪತಿವ್ರತೆಯ ಮಾದರಿಯೆಂದು ಹೆಸರಾದ ಡೆಸ್ಡಿಮೋನಾ ಕೂಡ ಕರವಸ್ತ್ರ ಕಳೆದಿಲ್ಲ ಎಂದು ಗಂಡನೆದುರು ಸುಳ್ಳು ಹೇಳುತ್ತಾಳೆ, ಹೆದರಿ. ಹಾಗಾಗಿ ಪ್ರೇಮದಲ್ಲಿ ಶಬ್ದವೇ ಪ್ರಮಾಣ ಎಂದು ನಾನು ಹೇಳಿದ್ದನ್ನು ಇಲ್ಲಿ ಕೊಂಚ ಸಡಿಲಿಸಬೇಕು. ಕೇಳಿದರೆ ನಿಜ ತಿಳಿದೇ ತೀರುತ್ತದೆ ಎಂಬ ಖಾತರಿ ಯಾವ ಕತೆಯೂ ಕೊಡುವುದಿಲ್ಲ. ಪ್ರಮಾಣ ಎಂದರೆ ಕನ್ನಡದಲ್ಲಿ ಆಣೆ ಎಂಬ ಅರ್ಥವೂ ಇದೆ. ದೇವರ ಮುಂದೆ ಪ್ರಮಾಣ ಮಾಡುವುದು ಎನ್ನುತ್ತೇವಲ್ಲ, ಆ ಅರ್ಥ. ಆಣೆ ಏನನ್ನೂ ಸಾಬೀತು ಮಾಡುವುದಿಲ್ಲ, ಇಟ್ಟವರು ಅದರ ಹೊಣೆ ಹೊರುತ್ತಾರೆ, ಕೇಳಿದವರು ಒಪ್ಪುತ್ತಾರೆ ಇಲ್ಲವೆ ಬಿಡುತ್ತಾರೆ. ಡೆಸ್ಡಿಮೋನಾಳ ಕೊನೆಯ ಮಾತು ಆ ಜಾತಿಯದು. ಉಸಿರು ನಿಲ್ಲುವ ಮುನ್ನ, ಇದನ್ನು ಮಾಡಿದವರು ಯಾರು ಎಂದು ಸಖಿ ಎಮಿಲಿಯಾ ಕೇಳಿದಾಗ, ಯಾರೂ ಅಲ್ಲ, ನಾನೇ ಎನ್ನುತ್ತಾಳೆ. ಶುದ್ಧ ಸುಳ್ಳು, ಸಾಕ್ಷಿಯಾಗಿ ಅದಕ್ಕೆ ಕಾಸಿನ ಬೆಲೆಯಿಲ್ಲ. ಅದನ್ನು ಕೇಳಿಸಿಕೊಂಡ ಒಥೆಲೊ ಏನು ಮಾಡುತ್ತಾನೆ? ಆ ಮಾತನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಸುಳ್ಳಾಡಿದ್ದಕ್ಕೆ ಅವಳು ನರಕಕ್ಕೆ ಹೋದಳು, ಕೊಂದವನು ನಾನು ಎಂದು ಎಮಿಲಿಯಾಗೆ ತಿದ್ದಿ ಹೇಳುತ್ತಾನೆ.