ಜನರಲ್ ರಿಜಿಸ್ಟರಿನ ಕೆಂಪು ಶಾಯಿ ಕಂಪ್ಯೂಟರಿನಲ್ಲೂ ಬೇಕು



ಜತ್ತ, ಅಕ್ಕಲಕೋಟ ಕಡೆಯ ಎಷ್ಟೋ ಕನ್ನಡ ಶಾಲೆಗಳ ಆಫೀಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರೊಳಗೆ ಮೈಕ್ರೋಸಾಫ್ಟ್ ಅಕ್ಸೆಸ್‌ನ ಒಂದು ಫೈಲು. ಕಂಪ್ಯೂಟರ್ ಬಲ್ಲ ಯಾರೋ ಒಬ್ಬ ಗುರುಗಳು ರಾತ್ರಿಯೆಲ್ಲ ಕೂತು ಮಾಡಿಟ್ಟು ಹೋದದ್ದು. ಜನರಲ್ ರಿಜಿಸ್ಟರ್ ಪೂರ್ತಿ ಅದರಲ್ಲಿದೆ. ಶಾಲೆ ಬಿಟ್ಟ ದಾಖಲೆ ಮುದ್ರಣವಾಗುವುದೂ ಅದರಿಂದಲೇ. ಅದಕ್ಕೊಂದು ಪಾಸ್‌ವರ್ಡ್ ಇದೆ, ಆ ಪಾಸ್‌ವರ್ಡು ಮುಖ್ಯಾಧ್ಯಾಪಕರಿಂದ ಹಿಡಿದು ಜೆರಾಕ್ಸ್ ಅಂಗಡಿಯ ಹುಡುಗನವರೆಗೆ ಎಲ್ಲರಿಗೂ ಗೊತ್ತು!

ಇದು ಪಾಸ್‌ವರ್ಡ್ ಇಲ್ಲದ್ದಕ್ಕಿಂತ ಕೆಟ್ಟದ್ದು ಎನ್ನುತ್ತೇನೆ ನಾನು. ಬೀಗವೇ ಇಲ್ಲದಿದ್ದರೆ ಜನ ಎಚ್ಚರದಿಂದ ಇರುತ್ತಾರೆ. ಎಲ್ಲರ ಕೈಯಲ್ಲೂ ಕೀಲಿ ಇದ್ದು, ಬೀಗ ಹಾಕಿದ್ದೇವೆ ಎಂಬ ಸಮಾಧಾನ ಇದ್ದರೆ ಯಾರೂ ನೋಡುವುದಿಲ್ಲ.

ಕಾಗದದ ರಿಜಿಸ್ಟರನ್ನು ನಾವು ಹೇಗೆ ಇಡುತ್ತೇವೆ ನೋಡಿ. ಶಾಯಿಯಲ್ಲಿ ಬರೆಯಬೇಕು. ಕೆರೆದು ಅಳಿಸುವಂತಿಲ್ಲ. ತಿದ್ದುಪಡಿಗೆ ಮಂಜೂರಿ ಬಂದರೆ ಹಳೆಯದು ಓದಲು ಬರುವಂತೆ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಹೊಸದು ಬರೆದು, ಮುಖ್ಯಾಧ್ಯಾಪಕರ ಸಹಿ, ತಾರೀಖು. ಏಕೆಂದರೆ ಆ ಸಾಲಿನಲ್ಲಿರುವ ಜನ್ಮ ತಾರೀಖು, ಜಾತಿ, ಜನ್ಮಸ್ಥಳ ಮಗುವಿನ ಬೆನ್ನಿಗೆ ಜೀವನವಿಡೀ ಇರುತ್ತವೆ. ಜಾತಿ ಪಡತಾಳಣಿಗೆ ಹೋದವರಿಗೆ ಅಜ್ಜನ ಶಾಲೆಯ ದಾಖಲೆ ತನ್ನಿ ಎನ್ನುತ್ತಾರೆ. ಎಷ್ಟು ಮಕ್ಕಳು ಎಂಬ ಲೆಕ್ಕದ ಮೇಲೆ ಸಂಚ ಮಾನ್ಯತೆ, ಅದರ ಮೇಲೆ ನಮ್ಮ ಶಿಕ್ಷಕ ಹುದ್ದೆಗಳು. ಇಷ್ಟು ಶಿಸ್ತಿನ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸಿದ ಕೂಡಲೇ ಕೆಂಪು ಶಾಯಿ ಎಲ್ಲಿ ಹೋಯಿತು?

ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ನಡೆದದ್ದು ಹೇಳುತ್ತೇನೆ. ಅಲ್ಲಿ ಮಕ್ಕಳ ಹೆಸರು ಮೂರು ಕಾಲಂಗಳಲ್ಲಿ ಇತ್ತು: ಕನ್ನಡ, ಮರಾಠಿ, ಇಂಗ್ಲಿಷ್. ಯಾರೋ ಕನ್ನಡ ಕಾಲಂ ‘ಶುದ್ಧ’ ಮಾಡಲು ಹೋಗಿ ಮರಾಠಿ ಕಾಲಂನಿಂದ ಅದನ್ನು ಹೊಸದಾಗಿ ತುಂಬಿದರು. ಮರಾಠಿ ಬರವಣಿಗೆಯಲ್ಲಿ ನಮ್ಮ ಎ-ಏ, ಒ-ಓ ಭೇದ ಇಲ್ಲವಲ್ಲ. ಕೆಂಚಪ್ಪ ಕೇಂಚಪ್ಪನಾದ, ಹೊನ್ನವ್ವ ಹೋನ್ನವ್ವಳಾದಳು. ಕೆಟ್ಟ ಉದ್ದೇಶ ಯಾರದೂ ಅಲ್ಲ. ಆದರೆ ಮಾಡಿದ್ದು ಯಾರು, ಯಾವ ದಿನ, ಮೊದಲು ಏನಿತ್ತು, ಹೇಳುವವರೇ ಇಲ್ಲ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋದವರು. ಕೊನೆಗೆ ಕಾಗದದ ರಿಜಿಸ್ಟರ್ ತೆಗೆದು ಒಂದೊಂದೇ ಹೆಸರು ಕೂಡಿಸಿ ನೋಡಿದರು. ಆ ಕಾಗದವೂ ಗೆದ್ದಲು ಹಿಡಿದಿದ್ದರೆ?

ಇದಕ್ಕೆ ಮದ್ದು ಅಕ್ಸೆಸ್‌ನಲ್ಲೇ ಇತ್ತು. 2003ರ ಆವೃತ್ತಿಯವರೆಗಿನ ಎಂಡಿಬಿ ಫೈಲುಗಳಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಬೇರೆ ಅಧಿಕಾರ ಕೊಡಬಹುದು. ಟೂಲ್ಸ್ ಮೆನುವಿನ ಸೆಕ್ಯುರಿಟಿಯಲ್ಲಿ ಅದಕ್ಕೊಂದು ವಿಝಾರ್ಡ್ ಇದೆ. ಅದು ಕೊಡುವ ಸಿದ್ಧ ಗುಂಪುಗಳಲ್ಲಿ ಒಂದರ ಹೆಸರು ‘ನ್ಯೂ ಡೇಟಾ ಯೂಸರ್ಸ್’. ಈ ಗುಂಪಿನವರು ಓದಬಹುದು, ಹೊಸ ಸಾಲು ಸೇರಿಸಬಹುದು. ಹಳೆಯದನ್ನು ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಶಾಯಿಯ ನಿಯಮ ಇದೇ ಅಲ್ಲವೇ? ಜೂನ್ ತಿಂಗಳ ಪ್ರವೇಶದ ಗದ್ದಲದಲ್ಲಿ ಕ್ಲಾರ್ಕಿಗೆ ಬೇಕಾದದ್ದು ಇಷ್ಟೇ. ವರ್ಗ ಶಿಕ್ಷಕರಿಗೆ ಓದುವ ಅಧಿಕಾರ ಸಾಕು. ತಿದ್ದುವ ಅಧಿಕಾರ ಮುಖ್ಯಾಧ್ಯಾಪಕರ ಹೆಸರಿಗೆ ಮಾತ್ರ.

‘ಆದರೆ ವಿಳಾಸ, ಫೋನ್ ನಂಬರು ಬದಲಾಗುತ್ತಲೇ ಇರುತ್ತವಲ್ಲ, ಪ್ರತಿ ಸಲ ಸಾಹೇಬರನ್ನು ಎಬ್ಬಿಸುವುದೇ?’ ಎಂದು ಕೇಳಬಹುದು. ಬೇಕಿಲ್ಲ. ಈ ವ್ಯವಸ್ಥೆಯಲ್ಲಿ ಅಧಿಕಾರ ಇಡೀ ಟೇಬಲಿಗೆ ಸಿಗುತ್ತದೆ, ಒಂದೊಂದು ಕಾಲಂಗೆ ಬೇರೆ ಕೊಡಲು ಬರುವುದಿಲ್ಲ, ನಿಜ. ಆದರೆ ವಿಳಾಸ ಮತ್ತು ಫೋನ್ ಮಾತ್ರ ಇರುವ ಒಂದು ಕ್ವೆರಿ ಮಾಡಿ, ಅದು ಮಾಲೀಕನ ಅಧಿಕಾರದಲ್ಲಿ ಓಡುವಂತೆ ಇಟ್ಟರೆ, ಕ್ಲಾರ್ಕ್ ಆ ಕ್ವೆರಿಯ ಮೂಲಕ ಅವೆರಡನ್ನೇ ತಿದ್ದುತ್ತಾರೆ. ಜನ್ಮ ತಾರೀಖು ಅವರ ಕೈಗೆ ಸಿಗುವುದೇ ಇಲ್ಲ.

ಮಾಡುವಾಗ ಜನ ಎಡವುವ ಜಾಗಗಳು ಇವೆ. ಜಗತ್ತಿನ ಎಲ್ಲ ಅಕ್ಸೆಸ್‌ಗಳಲ್ಲೂ ‘ಅಡ್ಮಿನ್’ ಎಂಬ ಬಳಕೆದಾರ ಒಬ್ಬನೇ, ‘ಯೂಸರ್ಸ್’ ಎಂಬ ಗುಂಪೂ ಒಂದೇ. ನೀವು ಹೊಸ ಹೆಸರುಗಳನ್ನು ಎಷ್ಟೇ ಸೃಷ್ಟಿಸಿದರೂ, ಫೈಲಿನ ಒಡೆತನ ಅಡ್ಮಿನ್ ಹೆಸರಿನಲ್ಲೇ ಉಳಿದರೆ ಅಥವಾ ಯೂಸರ್ಸ್ ಗುಂಪಿಗೆ ಅಧಿಕಾರ ಬಿಟ್ಟರೆ, ಆ ಫೈಲನ್ನು ಬೇರೆ ಕಂಪ್ಯೂಟರಿಗೆ ಒಯ್ದವನು ಏನೂ ಕೇಳಿಸಿಕೊಳ್ಳದೆ ಒಳಗೆ ಹೋಗುತ್ತಾನೆ. ಹಾಗಾಗಿ ಹೊಸ ವರ್ಕ್‌ಗ್ರೂಪ್ ಫೈಲು ಮಾಡಬೇಕು, ಒಡೆತನ ಹೊಸ ಹೆಸರಿಗೆ ವರ್ಗಾಯಿಸಬೇಕು, ಅಡ್ಮಿನ್‌ನನ್ನು ಅಡ್ಮಿನ್ಸ್ ಗುಂಪಿನಿಂದ ತೆಗೆಯಬೇಕು, ಯೂಸರ್ಸ್ ಗುಂಪನ್ನು ಬರಿಗೈ ಮಾಡಬೇಕು. ಇನ್ನೊಂದು ತಮಾಷೆ ಕೇಳಿ. ವಿಝಾರ್ಡ್ ಕೆಲಸ ಮುಗಿಸುವಾಗ ಭದ್ರತೆ ಇಲ್ಲದ ಹಳೆಯ ಪ್ರತಿಯನ್ನು ಬ್ಯಾಕಪ್ ಎಂದು ಅದೇ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಮುಂಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದೇ ಇದೆ! ಆ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಕಪಾಟಿನಲ್ಲಿಡಿ. ವಿಝಾರ್ಡ್ ಕೊನೆಗೆ ತೋರಿಸುವ ವರದಿಯನ್ನೂ ಮುದ್ರಿಸಿ ಅದರ ಜೊತೆ ಇಡಿ. ವರ್ಕ್‌ಗ್ರೂಪ್ ಫೈಲು ಕೆಟ್ಟರೆ ಅದನ್ನು ಮತ್ತೆ ಕಟ್ಟಲು ಅದರಲ್ಲಿರುವ ಗುರುತುಗಳು ಅಕ್ಷರಶಃ ಹಾಗೆಯೇ ಬೇಕು.

ಇಷ್ಟು ಹೇಳಿದ ಮೇಲೆ ಒಂದು ಮಾತು ಒಪ್ಪಬೇಕು. ಕಳ್ಳನಿಗೆ ಇದು ಬೀಗವಲ್ಲ. ವರ್ಕ್‌ಗ್ರೂಪ್ ಫೈಲಿನಿಂದ ಪಾಸ್‌ವರ್ಡ್ ಕಿತ್ತು ತೋರಿಸುವ ತಂತ್ರಾಂಶಗಳು ಬಹಳ ವರ್ಷಗಳಿಂದ ಸಿಗುತ್ತವೆ. ನೆಟ್‌ವರ್ಕಿನಲ್ಲಿ ಫೈಲು ಬಳಸುವವನಿಗೆ ಆ ಫೋಲ್ಡರಿನಲ್ಲಿ ಬರೆಯುವ ಅಧಿಕಾರ ಇರಲೇಬೇಕು, ಹಾಗಿದ್ದಾಗ ನಕಲು ಮಾಡುವವನನ್ನು ತಡೆಯುವುದು ಹೇಗೆ? ಬಹುಶಃ ಇದೇ ವಿಚಾರದಿಂದಲೋ ಏನೋ, 2007ರ ಅಕ್ಸೆಸ್‌ನ ಹೊಸ ಎಸಿಸಿಡಿಬಿ ಫೈಲಿನಿಂದ ಈ ವ್ಯವಸ್ಥೆಯನ್ನೇ ತೆಗೆದುಹಾಕಿದರು. ನಮ್ಮವರು ಗಮನಿಸದೆ ಇರುವುದು ಇಲ್ಲೇ. ಹೊಸ ಕಂಪ್ಯೂಟರ್ ಬಂತು ಎಂದು ಹಳೆಯ ಎಂಡಿಬಿಯನ್ನು ಹೊಸ ರೂಪಕ್ಕೆ ಬದಲಿಸಿದರೆ ನೀವು ಕಟ್ಟಿದ ಹೆಸರು, ಗುಂಪು, ಅಧಿಕಾರ ಎಲ್ಲ ಹೋಗುತ್ತದೆ. ಎಲ್ಲರೂ ಮತ್ತೆ ಅಡ್ಮಿನ್‌ಗಳೇ.

ಹೊಸ ಫೈಲಿನವರು ಏನು ಮಾಡಬೇಕು? ವಿಂಡೋಸಿನಲ್ಲೇ ಒಬ್ಬೊಬ್ಬರಿಗೆ ಬೇರೆ ಖಾತೆ ತೆರೆಯಿರಿ. ಓದುವವರಿಗೆ ಪ್ರತಿ ವಾರ ಒಂದು ನಕಲು ಬೇರೆ ಫೋಲ್ಡರಿನಲ್ಲಿ ಕೊಡಿ, ಮೂಲ ಫೈಲಿನ ಫೋಲ್ಡರು ಬರೆಯುವ ಇಬ್ಬರಿಗೆ ಮಾತ್ರ ತೆರೆದಿರಲಿ. ಟೇಬಲ್ಲುಗಳನ್ನು ಒಂದು ಫೈಲಿನಲ್ಲಿ, ಫಾರ್ಮುಗಳನ್ನು ಇನ್ನೊಂದರಲ್ಲಿ ಬೇರ್ಪಡಿಸಿ. ಫಾರ್ಮಿನಲ್ಲಿ ಜನ್ಮ ತಾರೀಖು ತಿದ್ದಿದ ಕೂಡಲೇ ಹಳೆಯ ಬರಹ, ಹೊಸ ಬರಹ, ವಿಂಡೋಸ್ ಖಾತೆಯ ಹೆಸರು, ವೇಳೆ ಇವು ಬೇರೊಂದು ಟೇಬಲಿಗೆ ಹೋಗಿ ಕೂರುವಂತೆ ನಾಲ್ಕು ಸಾಲು ಕೋಡ್ ಬರೆಸಿ. ಇದೇ ನಮ್ಮ ಕೆಂಪು ಶಾಯಿ. ಆಧಾರ್ ಸಂಖ್ಯೆ ಅದೇ ಟೇಬಲಿನಲ್ಲಿ ಬೇಡವೇ ಬೇಡ. ಇಡಲೇಬೇಕಾದರೆ ಪಾಸ್‌ವರ್ಡ್ ಹಾಕಿದ ಪ್ರತ್ಯೇಕ ಎಸಿಸಿಡಿಬಿಯಲ್ಲಿ ಇಡಿ, ಅಲ್ಲಿ ಪಾಸ್‌ವರ್ಡ್ ಹಾಕಿದರೆ ಫೈಲು ಗೂಢಲಿಪಿಯಾಗುತ್ತದೆ. ನಾಲ್ಕಾರು ಶಾಲೆ ನಡೆಸುವ ಸಂಸ್ಥೆಗಳಾದರೆ ಪೋಸ್ಟ್‌ಗ್ರೆಸ್‌ನಂತಹ ಪುಕ್ಕಟೆ ಸರ್ವರ್ ಡೇಟಾಬೇಸಿಗೆ ಹೋಗುವುದೇ ಒಳ್ಳೆಯದು. ಅಲ್ಲಿ ಕಾಲಂ ಕಾಲಂಗೂ ಅಧಿಕಾರ ಕೊಡಬಹುದು.

‘ಈಗೆಲ್ಲ ಯು-ಡೈಸ್ ಪ್ಲಸ್ ಇದೆ, ಆನ್‌ಲೈನ್ ಇದೆ, ಇದೆಲ್ಲ ಯಾಕೆ ಸರ್?’ ಎನ್ನುವವರಿದ್ದಾರೆ. ಆನ್‌ಲೈನಿಗೆ ತುಂಬುವುದು ಯಾವುದನ್ನು ನೋಡಿ? ಈ ಫೈಲನ್ನೇ. ಇಲ್ಲಿ ಕೇಂಚಪ್ಪ ಆದವನು ಅಲ್ಲೂ ಕೇಂಚಪ್ಪನೇ.

ನಿಜವಾದ ಅಡ್ಡಿ ಬೇರೆ ಇದೆ. ‘ನನ್ನ ಮೇಲೆ ನಂಬಿಕೆ ಇಲ್ಲವೇನ್ರಿ?’ ಎಂದು ಇಪ್ಪತ್ತು ವರ್ಷ ಸೇವೆ ಮಾಡಿದ ಕ್ಲಾರ್ಕ್ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು: ಸರ್, ನಾಳೆ ಯಾರದೋ ಜಾತಿ ಕಾಲಂ ಬದಲಾಗಿದೆ ಎಂದು ತಕರಾರು ಬಂದರೆ ಮೊದಲು ಕರೆಯುವುದು ನಿಮ್ಮನ್ನೇ. ಆಗ ‘ಆ ಕಾಲಂ ತಿದ್ದಲು ನನಗೆ ಅಧಿಕಾರವೇ ಇಲ್ಲ, ನೋಡಿ’ ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನಿದೆ? ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಎಲ್ಲರೂ ಆರೋಪಿಗಳೇ, ಮುಖ್ಯಾಧ್ಯಾಪಕರೂ ಸೇರಿ.

ಕೆಲಸಕ್ಕೆ ಬೇಸಿಗೆ ರಜೆಯ ಎರಡು ಮಧ್ಯಾಹ್ನ ಸಾಕು. ಪಾಸ್‌ವರ್ಡುಗಳನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ಮುಖ್ಯಾಧ್ಯಾಪಕರ ಕಪಾಟಿಗೆ ಒಪ್ಪಿಸಿ. ಫೈಲು ಮಾಡಿದ ಗುರುಗಳು ವರ್ಗವಾದರೆ, ನಿವೃತ್ತರಾದರೆ, ಚಾರ್ಜ್ ಪಟ್ಟಿಯಲ್ಲಿ ಬೀಗದ ಕೈಗಳ ಕೆಳಗೆ ಆ ಲಕೋಟೆಗೂ ಒಂದು ಸಾಲು ಇರಲಿ.