ಕೋಶ ಕೂರಿಸಿದ್ದಾಯಿತು, ರಕ್ತ ಹರಿಸುವವರಾರು?

ಇಸ್ರೇಲ್‌ನ ಹೈಫಾ ನಗರದ ರಾಂಬಾಮ್ ಆಸ್ಪತ್ರೆಯಲ್ಲಿ 2025ರ ಅಕ್ಟೋಬರ್ ಅಂತ್ಯದಲ್ಲಿ ರೋಗಿಯೊಬ್ಬರ ಕಣ್ಣಿಗೆ ಯಂತ್ರದಲ್ಲಿ ಮುದ್ರಿಸಿದ ಕಾರ್ನಿಯಾ ಕಸಿ ಮಾಡಲಾಯಿತೆಂದು ಪ್ರಿಸೈಸ್ ಬಯೋ ಎಂಬ ಕಂಪನಿ ಪ್ರಕಟಿಸಿತು. ದಾನವಾಗಿ ಬಂದ ಕಣ್ಣಿನ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ವೃದ್ಧಿಸಿ, ಪದರ ಪದರವಾಗಿ ಜೋಡಿಸಿ ಅದನ್ನು ರೂಪಿಸಲಾಗಿತ್ತು. ಕಣ್ಣಿನ ಪಟಲವನ್ನು ಮುದ್ರಿಸಬಹುದಾದರೆ ಮೂತ್ರಪಿಂಡವನ್ನೇಕೆ ಮುದ್ರಿಸಲಾಗದು? ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ಅಂಗಾಂಗಕ್ಕಾಗಿ ಕಾದಿರುವ ಕುಟುಂಬಗಳಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಅಮೆರಿಕವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅಂಗಾಂಗ ಕಸಿಯ ನಿರೀಕ್ಷೆಯಲ್ಲಿದ್ದಾರೆ.

ಜೀವಕೋಶಗಳನ್ನು ಬೇಕಾದ ಜಾಗದಲ್ಲಿ ಕೂರಿಸುವ ವಿದ್ಯೆ ಕಳೆದ ಎರಡು ದಶಕಗಳಲ್ಲಿ ಬಹುಮಟ್ಟಿಗೆ ಕೈವಶವಾಗಿದೆ. ಕೂರಿಸಿದ ಕೋಶವನ್ನು ಬದುಕಿಸಿಡುವ ವಿದ್ಯೆ ಇನ್ನೂ ಕೈವಶವಾಗಿಲ್ಲ. ಅಂಗಾಂಗ ಮುದ್ರಣದ ಪ್ರತಿಯೊಂದು ಸುದ್ದಿಯನ್ನೂ ಈ ಎರಡರ ನಡುವಿನ ಅಂತರವನ್ನು ನೆನಪಿಟ್ಟುಕೊಂಡೇ ಓದಬೇಕು.

ಕಚೇರಿಯ ಪ್ರಿಂಟರ್‌ನಿಂದ ಆರಂಭ

ಜೈವಿಕ ಮುದ್ರಣದ ಆರಂಭ ತೀರ ಸಾಧಾರಣವಾದುದು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಥಾಮಸ್ ಬೋಲಂಡ್ ಅವರು 2003ರ ಸುಮಾರಿಗೆ ಕಚೇರಿಗಳಲ್ಲಿ ಬಳಸುವ ಇಂಕ್‌ಜೆಟ್ ಪ್ರಿಂಟರನ್ನೇ ಮಾರ್ಪಡಿಸಿ, ಶಾಯಿಯ ಬದಲು ಜೀವಕೋಶಗಳಿರುವ ದ್ರವವನ್ನು ಹನಿಹನಿಯಾಗಿ ಚಿಮ್ಮಿಸಿದರು. ಆ ವಿಧಾನಕ್ಕೆ 2006ರಲ್ಲಿ ಪೇಟೆಂಟ್ ದೊರೆಯಿತು. ಬಳಿಕ ಕೋಶಗಳನ್ನು ಮೃದುವಾದ ಜೆಲ್‌ನಲ್ಲಿ ಬೆರೆಸಿ ಸೂಜಿಯ ಮೂಲಕ ಒತ್ತಿ ಹೊರಡಿಸುವ ಯಂತ್ರಗಳೂ, ಬೆಳಕಿನಿಂದ ಜೆಲ್ಲನ್ನು ಪದರ ಪದರವಾಗಿ ಗಟ್ಟಿಗೊಳಿಸುವ ಯಂತ್ರಗಳೂ ಬಂದವು.

ಸೂಜಿಯ ವಿಧಾನದಲ್ಲೇ ಒಂದು ಇಕ್ಕಟ್ಟು ಅಡಗಿದೆ. ಹೆಚ್ಚು ನಿಖರವಾಗಿ ಮುದ್ರಿಸಬೇಕಾದರೆ ಸೂಜಿಯ ಬಾಯಿ ಕಿರಿದಾಗಬೇಕು. ಬಾಯಿ ಕಿರಿದಾದಷ್ಟೂ ಒಳಗಿನ ಒತ್ತಡ ಮತ್ತು ತಿಕ್ಕಾಟ ಹೆಚ್ಚಿ ಕೋಶಗಳು ಘಾಸಿಗೊಳ್ಳುತ್ತವೆ. ಜೆಲ್ ಗಟ್ಟಿಯಾಗಿದ್ದರೆ ಆಕಾರ ನಿಲ್ಲುತ್ತದೆ, ಆದರೆ ಕೋಶಗಳಿಗೆ ಉಸಿರು ಕಟ್ಟುತ್ತದೆ. ತೆಳುವಾಗಿದ್ದರೆ ಕೋಶಗಳಿಗೆ ಹಿತ, ಆದರೆ ಆಕಾರ ಕುಸಿಯುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಡಮ್ ಫೈನ್‌ಬರ್ಗ್ ಅವರ ತಂಡ ಇದಕ್ಕೊಂದು ಜಾಣ ಪರಿಹಾರ ಕಂಡುಕೊಂಡಿತು. ಜೆಲಾಟಿನ್ ತುಂಬಿದ ಪಾತ್ರೆಯೊಳಗೇ ಮುದ್ರಿಸಿ, ಕೆಲಸ ಮುಗಿದ ಮೇಲೆ ದೇಹದ ಉಷ್ಣತೆಗೆ ಕಾಯಿಸಿದರೆ ಜೆಲಾಟಿನ್ ಕರಗಿ ಹೋಗಿ ಮುದ್ರಿತ ರಚನೆ ಮಾತ್ರ ಉಳಿಯುತ್ತದೆ. ಈ ಕ್ರಮದಲ್ಲಿ ಸುಮಾರು 20 ಮೈಕ್ರಾನ್ ದಪ್ಪದ ಕೊಲಾಜೆನ್ ಎಳೆಗಳನ್ನು ಮುದ್ರಿಸಿ ಹೃದಯದ ಭಾಗಗಳನ್ನು ರೂಪಿಸಿದ್ದನ್ನು ತಂಡವು 2019ರಲ್ಲಿ ವರದಿ ಮಾಡಿತು.

ಇನ್ನೂರು ಮೈಕ್ರಾನ್‌ಗಳ ಗೋಡೆ

ನಿಖರತೆ ಇಷ್ಟು ಸಾಧ್ಯವಾದ ಮೇಲೂ ಮೂತ್ರಪಿಂಡ ಏಕೆ ಬರಲಿಲ್ಲ? ದೇಹದಲ್ಲಿ ಬಹುತೇಕ ಕೋಶಗಳು ಯಾವುದಾದರೊಂದು ಸೂಕ್ಷ್ಮ ರಕ್ತನಾಳದಿಂದ 100ರಿಂದ 200 ಮೈಕ್ರಾನ್ ದೂರದೊಳಗೇ ಇರುತ್ತವೆ. 200 ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಅದಕ್ಕಿಂತ ದೂರಕ್ಕೆ ಆಮ್ಲಜನಕ ತಾನಾಗಿ ಒಸರಿ ತಲುಪಲಾರದು. ಹೀಗಾಗಿ ಕೆಲವೇ ಮಿಲಿಮೀಟರ್ ದಪ್ಪದ ಅಂಗಾಂಶವನ್ನು ಮುದ್ರಿಸಿದರೂ ರಕ್ತಸಂಚಾರವಿಲ್ಲದಿದ್ದರೆ ನಡುವಿನ ಕೋಶಗಳು ಸಾಯುತ್ತವೆ. ಸಾಲು ಹಿಡಿದು ನಾಟಿ ಮಾಡಿದ ಮಾತ್ರಕ್ಕೆ ಬೆಳೆ ಕೈಗೆ ಬರದು; ಗದ್ದೆಯ ಮೂಲೆಮೂಲೆಗೂ ನೀರು ಹರಿಯಬೇಕು.

ಇದುವರೆಗಿನ ಯಶಸ್ಸುಗಳನ್ನು ಈ ಮಾನದಂಡದಿಂದ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ 2022ರ ಮಾರ್ಚ್‌ನಲ್ಲಿ ಯುವತಿಯೊಬ್ಬಳಿಗೆ ಆಕೆಯದೇ ಕೋಶಗಳಿಂದ ಮುದ್ರಿಸಿದ ಹೊರಗಿವಿಯನ್ನು ಜೋಡಿಸಲಾಯಿತು. ಕಿವಿಯ ಮೃದ್ವಸ್ಥಿಯಲ್ಲೂ ರಕ್ತನಾಳಗಳಿಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಅಲ್ಲಿನ ಐಐಟಿ ಹಾಗೂ ಸಿಸಿಎಂಬಿ ವಿಜ್ಞಾನಿಗಳು 2022ರಲ್ಲಿ ಮೊಲದ ಕಣ್ಣಿಗೆ ಕಸಿ ಮಾಡಿದ್ದೂ ಮುದ್ರಿತ ಕಾರ್ನಿಯಾವನ್ನೇ. ರಕ್ತ ಬೇಡದ ಅಂಗಾಂಶಗಳು ಮೊದಲು ಗೆದ್ದಿವೆ. ಆದ್ದರಿಂದ ಕಾರ್ನಿಯಾದ ಯಶಸ್ಸನ್ನು ಮೂತ್ರಪಿಂಡದ ಮುನ್ಸೂಚನೆ ಎಂದು ಭಾವಿಸುವುದು ಸರಿಯಲ್ಲ.

ಟೆಲ್ ಅವೀವ್ ವಿಶ್ವವಿದ್ಯಾಲಯದ ತಾಲ್ ದ್ವೀರ್ ಅವರ ತಂಡ 2019ರಲ್ಲಿ ಮನುಷ್ಯನ ಕೋಶಗಳಿಂದ ಮೊಲದ ಹೃದಯದಷ್ಟು ಪುಟ್ಟದಾದ, ರಕ್ತನಾಳಗಳೂ ಇರುವ ಹೃದಯವನ್ನು ಮುದ್ರಿಸಿದಾಗ ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಆದರೆ ಅದರ ಕೋಶಗಳು ಸಂಕುಚಿಸುತ್ತಿದ್ದವೇ ಹೊರತು ಒಂದಾಗಿ ರಕ್ತವನ್ನು ಪಂಪ್ ಮಾಡುವ ಶಕ್ತಿ ಪಡೆದಿರಲಿಲ್ಲ. ಹಾಗೆಂದು ಗೋಡೆಯಲ್ಲಿ ಬಿರುಕೇ ಮೂಡಿಲ್ಲ ಎಂದಲ್ಲ. ಅಮೆರಿಕದ ರೈಸ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಅದೇ ವರ್ಷ ಆಹಾರ ಪದಾರ್ಥಗಳಿಗೆ ಬಳಸುವ ಟಾರ್ಟ್ರಜೀನ್ ಎಂಬ ಹಳದಿ ಬಣ್ಣದ ನೆರವಿನಿಂದ ಬೆಳಕನ್ನು ಒಂದೊಂದು ಪದರಕ್ಕೆ ಸೀಮಿತಗೊಳಿಸಿ, ಗಾಳಿಯ ಚೀಲವನ್ನು ಸುತ್ತುವರಿದ ನಾಳಗಳ ಜಾಲವನ್ನು ಜೆಲ್‌ನಲ್ಲಿ ಮುದ್ರಿಸಿ ತೋರಿಸಿದರು.

ಅವಸರದ ಬೆಲೆ

ಕೋಶ ಕೂರಿಸಿದ್ದನ್ನೇ ಅಂಗ ಸಿದ್ಧವಾಯಿತೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಸ್ವೀಡನ್ನಿನಲ್ಲಿ ದಾರುಣ ಉದಾಹರಣೆಯಿದೆ. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ ಪಾವೊಲೊ ಮಕ್ಕಿಯಾರಿನಿ ಅವರು 2011ರಿಂದ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ರೋಗಿಯ ಕಾಂಡಕೋಶಗಳನ್ನು ಲೇಪಿಸಿ ಅಳವಡಿಸಿದರು. ಅದು ಮುದ್ರಣವಲ್ಲದಿದ್ದರೂ ನಂಬಿಕೆ ಅದೇ ಆಗಿತ್ತು: ಕೋಶಗಳನ್ನಿಟ್ಟರೆ ಅವು ತಾವಾಗಿ ಅಂಗವಾಗಿ ಬೆಳೆಯುತ್ತವೆ. ಮಾಧ್ಯಮಗಳು ಕೊಂಡಾಡಿದವು. ಅಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಮೂವರೂ ರೋಗಿಗಳು ಅಸುನೀಗಿದರು. ಮೇಲ್ಮನವಿ ನ್ಯಾಯಾಲಯವು 2023ರಲ್ಲಿ ವೈದ್ಯರಿಗೆ ಎರಡೂವರೆ ವರ್ಷಗಳ ಸೆರೆವಾಸ ವಿಧಿಸಿತು.

ಭಾರತಕ್ಕೂ ಈ ಪಾಠ ಅನ್ವಯಿಸುತ್ತದೆ. ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ ಸಂಸ್ಥೆ 2015ರಲ್ಲೇ ಯಕೃತ್ತಿನ ಅಂಗಾಂಶವನ್ನು ಮುದ್ರಿಸಿದ್ದಾಗಿ ಪ್ರಕಟಿಸಿತ್ತು. ಕಸಿಗಿಂತ ಮೊದಲು ಇಂತಹ ಅಂಗಾಂಶದ ನೈಜ ಉಪಯೋಗ ಔಷಧ ಪರೀಕ್ಷೆಯಲ್ಲಿದೆ. ಹೊಸ ಔಷಧ ಯಕೃತ್ತಿಗೆ ವಿಷವಾಗುವುದೇ ಎಂದು ತಿಳಿಯಲು ಇಡೀ ಯಕೃತ್ತು ಬೇಕಿಲ್ಲ, ತೆಳುವಾದ ತುಣುಕು ಸಾಕು. ಪ್ರಾಣಿಗಳ ಬದಲು ಮಾನವ ಕೋಶಾಧಾರಿತ ಪರೀಕ್ಷೆಗಳಿಗೆ ಅವಕಾಶವಿತ್ತು ಕೇಂದ್ರ ಸರ್ಕಾರ 2023ರಲ್ಲಿ ನಿಯಮಗಳನ್ನು ತಿದ್ದಿದ್ದು ಸ್ವಾಗತಾರ್ಹ.

ಆದರೆ ರೋಗಿಯ ದೇಹದೊಳಗೆ ಇಡುವ ಮುದ್ರಿತ ಅಂಗಾಂಶದ ವಿಷಯದಲ್ಲಿ ಕಾನೂನಿನ ಸ್ಪಷ್ಟತೆ ಸಾಲದು. 1994ರ ಅಂಗಾಂಗ ಕಸಿ ಕಾಯ್ದೆಯನ್ನು ರೂಪಿಸಿದ್ದು ದಾನಿ ಮತ್ತು ಸ್ವೀಕರಿಸುವವರನ್ನು ಗಮನದಲ್ಲಿಟ್ಟುಕೊಂಡು. 2019ರ ಹೊಸ ಔಷಧ ನಿಯಮಗಳು ಕಾಂಡಕೋಶ ಉತ್ಪನ್ನಗಳನ್ನು ಔಷಧವೆಂದು ಪರಿಗಣಿಸುತ್ತವೆ. ರೋಗಿಯದೇ ಕೋಶಗಳಿಂದ ಯಂತ್ರ ಕಟ್ಟಿದ ಕಿವಿ ಅಂಗವೋ, ಔಷಧವೋ, ವೈದ್ಯಕೀಯ ಸಾಧನವೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಗಳ ನಡುವೆಯೂ ರುಜುವಾತಾಗದ ಕಾಂಡಕೋಶ ಚಿಕಿತ್ಸೆಯ ಜಾಹೀರಾತುಗಳು ರೋಗಿಗಳನ್ನು ಸೆಳೆದದ್ದನ್ನು ದೇಶ ಕಂಡಿದೆ. ಜೈವಿಕ ಮುದ್ರಣದ ಹೆಸರಿನಲ್ಲಿ ಅದೇ ವ್ಯಾಪಾರ ತಲೆಯೆತ್ತುವ ಮುನ್ನವೇ ಸರ್ಕಾರ ಈ ವರ್ಗೀಕರಣವನ್ನು ಸ್ಪಷ್ಟಪಡಿಸುವುದು ಒಳಿತು.

ಅಲ್ಲಿಯವರೆಗೆ ‘ಅಂಗ ಮುದ್ರಿಸಿದರು’ ಎಂಬ ಸುದ್ದಿ ಬಂದಾಗ ಓದುಗರು ಕೇಳಬೇಕಾದ ಪ್ರಶ್ನೆಗಳು ಮೂರು. ಅದಕ್ಕೆ ರಕ್ತ ಎಲ್ಲಿಂದ ಬರುತ್ತದೆ? ದೇಹದೊಳಗೆ ಅದು ಎಷ್ಟು ಕಾಲ ಕೆಲಸ ಮಾಡಿತು? ಫಲಿತಾಂಶವನ್ನು ಬೇರೆ ತಜ್ಞರು ಪರಿಶೀಲಿಸಿದ್ದಾರೆಯೇ? ಮೂರಕ್ಕೂ ಉತ್ತರ ಸಿಗುವ ದಿನ ಬರಬಹುದು. ಅದುವರೆಗೆ ಮೂತ್ರಪಿಂಡಕ್ಕಾಗಿ ಕಾದಿರುವ ರೋಗಿಗೆ ಯಂತ್ರಕ್ಕಿಂತ ಇನ್ನೊಬ್ಬ ಮನುಷ್ಯನ ದಾನವೇ ಹತ್ತಿರದ ಆಸರೆ.